ನಿಮ್ಮ ಇಪ್ಪತ್ತೇಳು ಬಾವುಟಗುಡ್ಡೆ ಹತ್ತಿದೆಯಾ?

ವಾಹನಗಳ ಮೈಲೇಜಿಗೆ ಪ್ರಮಾಣಪತ್ರ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮುದ್ರೆ ಒತ್ತುವ ಮಾನ್ಯರೇ,

ನೀವು ಒಂದು ಹೈಬ್ರಿಡ್ ಕಾರಿಗೆ ಲೀಟರಿಗೆ ಇಪ್ಪತ್ತೇಳು ಕಿಲೋಮೀಟರ್ ಎಂದು ಮುದ್ರೆ ಒತ್ತಿದಿರಿ. ಆ ಮುದ್ರೆಯಿಂದ ಮಂಗಳೂರಿನಲ್ಲಿ ಒಬ್ಬ ಡ್ರೈವರ್ ಪೆಟ್ರೋಲ್ ಕಳ್ಳನಾಗಿದ್ದಾನೆ. ಇಷ್ಟೇ ನನ್ನ ದೂರು, ಉಳಿದದ್ದೆಲ್ಲ ವಿವರ. ವಿವರ ಓದುವ ಪುರುಸೊತ್ತು ನಿಮಗಿಲ್ಲ ಎಂಬ ಸಂಶಯ ಇರುವುದರಿಂದಲೇ ಇದನ್ನು ನಿಮ್ಮ ಟಪಾಲಿಗೆ ಹಾಕದೆ ಪತ್ರಿಕೆಗೆ ಕಳಿಸಿದ್ದೇನೆ. ನೀವು ಓದದಿದ್ದರೆ ನಿಮ್ಮ ಪಕ್ಕದ ಮನೆಯವರಾದರೂ ಓದಿ ಬಂದು ಕೇಳಲಿ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವ. ಪಣಂಬೂರಿನಿಂದ ಗೊಬ್ಬರದ ಲಾರಿ ಓಡಿಸಿ ಓಡಿಸಿ ಸೊಂಟ ಹೋದ ಮೇಲೆ ಮನೆಯಲ್ಲಿ ಕೂತಿದ್ದೇನೆ. ನನ್ನ ಲಾರಿಯಲ್ಲಿ ಕ್ಲೀನರ್ ಆಗಿದ್ದವ ಬೆಂಗ್ರೆಯ ತುಕ್ರ. ಅವನು ಈಗ ಇಲ್ಲ. ಅವನ ಮಗ ಮುಖೇಶನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವ ನಾನು, ಪಣಂಬೂರಿನ ಒಂದು ಸಾಗಾಟ ಕಂಪೆನಿಯ ಧಣಿಯ ಹತ್ತಿರ ಕರೆದುಕೊಂಡು ಹೋಗಿ "ಹುಡುಗ ನಂಬಿಗಸ್ಥ, ನನ್ನ ಮಾತಿನ ಮೇಲೆ ಇಟ್ಟುಕೊಳ್ಳಿ" ಎಂದವನೂ ನಾನೇ. ಆದ್ದರಿಂದ ಕಳ್ಳ ಎಂಬ ಹೆಸರು ಅವನಿಗೆ ಬಂದರೆ ಅರ್ಧ ನನಗೂ ಬರುತ್ತದೆ.

ಕಳೆದ ವರ್ಷ ಧಣಿ ಹಳೆಯ ಡೀಸೆಲ್ ಗಾಡಿ ಮಾರಿ ಈ ಹೈಬ್ರಿಡ್ ತಂದರು. ಪೆಟ್ರೋಲ್ ಎಂಜಿನೂ ಉಂಟು, ಬ್ಯಾಟರಿಯೂ ಉಂಟು, ಯಾವಾಗ ಯಾವುದು ಓಡಬೇಕೆಂದು ಕಾರೇ ತೀರ್ಮಾನ ಮಾಡುತ್ತದಂತೆ. ಡ್ರೈವರನ್ನು ಕೇಳದೆ ತೀರ್ಮಾನ ಮಾಡುವ ಗಾಡಿಯ ಮೇಲೆ ನನಗೆ ಮೊದಲ ದಿನವೇ ಸಂಶಯ ಇತ್ತು, ಅದು ಬೇರೆ ವಿಷಯ. ಧಣಿಯ ಮ್ಯಾನೇಜರು ಪೆಟ್ರೋಲ್ ಹಾಕಿಸಿದ್ದನ್ನೂ ಓಡಿದ್ದನ್ನೂ ಭಾಗಿಸಿ ನೋಡಿದಾಗ ಬಂದದ್ದು ಹದಿನೈದು. ನಿಮ್ಮ ಕಾಗದದಲ್ಲಿ ಇಪ್ಪತ್ತೇಳು. ನಡುವಿನದ್ದು ಎಲ್ಲಿಗೆ ಹೋಯಿತು? ಆವಿಯಾಯಿತೇ? ಅರಬ್ಬೀ ಸಮುದ್ರಕ್ಕೆ ಬಿತ್ತೇ? ಮ್ಯಾನೇಜರಿಗೆ ಸುಲಭದ ಉತ್ತರ ಸಿಕ್ಕಿತು: ಮುಖೇಶನ ಕ್ಯಾನಿಗೆ. ಧಣಿ ಬೈಯಲಿಲ್ಲ, ಸ್ವರ ಏರಿಸಲೂ ಇಲ್ಲ. ಒಂದು ತಿಂಗಳು ನೋಡುತ್ತೇನೆ, ಮೈಲೇಜ್ ಸರಿಯಾಗದಿದ್ದರೆ ಕೀ ಕೊಟ್ಟು ಹೋಗು ಎಂದರಂತೆ. ಈ ಊರಿನಲ್ಲಿ ಪೆಟ್ರೋಲ್ ಕದ್ದು ಕೆಲಸ ಹೋದವ ಎಂದರೆ ಮತ್ತೆ ಯಾರೂ ಸ್ಟೇರಿಂಗ್ ಮುಟ್ಟಲಿಕ್ಕೆ ಬಿಡುವುದಿಲ್ಲ, ಅದು ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮ್ಮ ಕಚೇರಿಯಲ್ಲಿ ಲೆಕ್ಕ ತಪ್ಪಿದರೆ ತಿದ್ದೋಲೆ ಬರುತ್ತದೆ. ನಮ್ಮಲ್ಲಿ ಮನುಷ್ಯನೇ ಅಳಿಸಿಹೋಗುತ್ತಾನೆ.

ಸುಳ್ಳೇಕೆ, ನಾನು ಮೊದಲು ಸಂಶಯಪಟ್ಟದ್ದು ಮುಖೇಶನನ್ನೇ. ದೋಣಿ ಹತ್ತಿ ಹೊಳೆಯಾಚೆಯ ಬೆಂಗ್ರೆಗೆ ಹೋದೆ. ಪೆಟ್ರೋಲಿನ ವಾಸನೆಯನ್ನು ಯಾರಿಂದಲೂ ಅಡಗಿಸಿಡಲಿಕ್ಕೆ ಆಗುವುದಿಲ್ಲ. ಮನೆಯ ಹಿಂದೆ, ಬಲೆ ರಾಶಿ ಹಾಕುವ ಚಪ್ಪರದಡಿ, ಬಚ್ಚಲಿನ ಬದಿ ಎಲ್ಲ ಕಡೆ ಮೂಗು ಹಾಕಿ ನೋಡಿದೆ. ಬಲೆಯ ಹರಕು ಹೊಲಿಯುತ್ತಿದ್ದ ಅವನ ತಾಯಿ ದೇಯಿ ತಲೆ ಎತ್ತಿ ನೋಡಿದಳು.

"ಎಂತ ಉಮರಾಕ, ನೆಗಡಿಯಾ?"

"ಇಲ್ಲ."

"ಮತ್ತೆ ನಾಯಿ ಹಾಗೆ ಮೂಸುವುದು ಎಂತಕ್ಕೆ? ಈ ಮನೆಯಲ್ಲಿ ಮೀನಿನ ವಾಸನೆ ಬಿಟ್ಟು ಬೇರೆ ಎಂತ ಉಂಟು? ನನ್ನ ಮಗ ಕದ್ದದ್ದನ್ನು ಹುಡುಕ್ಲಿಕ್ಕೆ ಬಂದದ್ದಾದ್ರೆ ನೇರ ಹೇಳಿ. ಮೂಗು ತೆಗೆದು ಕೊಡ್ತೇನೆ ಕೈಯಲ್ಲಿ."

ನಾನು ಚಹಾ ಕೂಡ ಕುಡಿಯದೆ ವಾಪಸು ದೋಣಿ ಹತ್ತಿದೆ. ಅಂದಿನಿಂದ ನನ್ನ ಸಂಶಯವೆಲ್ಲ ನಿಮ್ಮ ಕಡೆಗೆ ತಿರುಗಿದೆ ಮಾನ್ಯರೇ.

ನನ್ನ ಮಗಳು ರಾಹಿಲಾ ಗಂಡನ ಜೊತೆ ಶಾರ್ಜಾದಲ್ಲಿದ್ದು ಬಂದವಳು. ಅಲ್ಲಿ ಇಂಥದ್ದೇ ಹೈಬ್ರಿಡ್ ಓಡಿಸಿದ್ದಾಳೆ. "ಉಪ್ಪ, ಕಾರು ನೋಡದೆ ಜಗಳಕ್ಕೆ ಹೋಗ್ಬೇಡಿ" ಎಂದಳು. ನಾನು ಧಣಿಯ ಹತ್ತಿರ ಹೋಗಿ, ಒಂದು ಭಾನುವಾರ ನಮ್ಮೆಲ್ಲರನ್ನೂ ಕೂರಿಸಿಕೊಂಡು ಕಾರು ಓಡಲಿ, ನೀವೂ ಕೂತು ನೋಡಿ ಎಂದೆ. ಅವರಿಗೂ ಕುತೂಹಲ, ಒಪ್ಪಿದರು. ಮುಖೇಶ ಸ್ಟೇರಿಂಗಿನಲ್ಲಿ, ರಾಹಿಲಾ ಅವನ ಪಕ್ಕ, ಹಿಂದೆ ಧಣಿ ಮತ್ತು ನಾನು. ಪಣಂಬೂರಿನಿಂದ ಹೊರಟು ನಂತೂರಿಗೆ ಬಂದಾಗ ಯಥಾಪ್ರಕಾರ ಬ್ಲಾಕ್. ಮುಂದೆ ಲಾರಿ, ಹಿಂದೆ ಲಾರಿ, ಪಕ್ಕದಲ್ಲಿ ಬಸ್ಸಿನ ಕಂಡಕ್ಟರ್ ನೇತಾಡಿಕೊಂಡು ನಮ್ಮ ಕಾರಿನ ಬಾನೆಟ್ಟಿಗೆ ಬಡಿಯುತ್ತಿದ್ದಾನೆ. ಇಲ್ಲಿಯೇ ಪೆಟ್ರೋಲ್ ಹೋಗುವುದು ಎಂದು ನಾನು ಬೆರಳು ತೋರಿಸಿದೆ. ರಾಹಿಲಾ ನಕ್ಕಳು. "ಎಂಜಿನ್ ಎಲ್ಲಿ ಓಡ್ತಾ ಉಂಟು? ಕಿವಿಕೊಟ್ಟು ಕೇಳಿ. ಬ್ಲಾಕ್‌ನಲ್ಲಿ ಈ ಕಾರಿಗೆ ಲಾಭ." ಹೌದು, ಸದ್ದೇ ಇಲ್ಲ. ಬ್ಯಾಟರಿಯಲ್ಲಿ ತೆವಳುತ್ತಿತ್ತು. ನನಗೆ ಬೇಸರವಾಯಿತು, ನಂತೂರಿನ ಮೇಲೆ ಹಾಕಲು ಬಂದ ಅಪರಾಧ ಕೈತಪ್ಪಿತು.

ಬಲ್ಮಠ ದಾಟಿ ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುವಾಗ ಮುಖೇಶ ಗೇರಿನ ಕಡ್ಡಿಯನ್ನು ಮೆಲ್ಲ ನ್ಯೂಟ್ರಲ್‌ಗೆ ತಳ್ಳಿದ. ಕಾರು ನೀರಿನ ಹಾಗೆ ಇಳಿಯಿತು. "ಶಾಬಾಸ್" ಎಂದು ಅವನ ಹೆಗಲಿಗೆ ತಟ್ಟಿದೆ. ಮಂಗಳೂರು ಎಂದರೆ ಗುಡ್ಡ ಹತ್ತು, ಗುಡ್ಡ ಇಳಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸದವನನ್ನು ನಮ್ಮ ಕಾಲದಲ್ಲಿ ಡ್ರೈವರ್ ಎಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ರಾಹಿಲಾ ಮಾತ್ರ ಕಿರುಚಿದಳು.

"ಎಂತ ಮಾಡಿದ್ದು ನೀನು ಮಾರಾಯ! ಯಾರು ಹೇಳಿಕೊಟ್ಟದ್ದು ಇದು?"

ಮುಖೇಶ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಇಳಿಜಾರು ಬಂದ್ರೆ ಈ ಕಾರಿಗೆ ಹಬ್ಬ ಉಪ್ಪ. ಗೇರಿನಲ್ಲೇ ಇಟ್ಟು, ದೂರದಿಂದಲೇ ಮೆಲ್ಲ ಬ್ರೇಕ್ ಒತ್ತಿದ್ರೆ ಚಕ್ರವೇ ತಿರುಗಿ ಬ್ಯಾಟರಿ ತುಂಬಿಸ್ತದೆ. ನ್ಯೂಟ್ರಲ್ ಮಾಡಿದ್ರೆ ಒಂದು ಹನಿಯೂ ತುಂಬುವುದಿಲ್ಲ. ಸಿಕ್ಕಿದ್ದನ್ನು ರಸ್ತೆಗೆ ಚೆಲ್ಲಿದ ಹಾಗೆ. ನಿಮ್ಮ ಲಾರಿಯ ಪಾಠ ಇಲ್ಲಿ ನಡೆಯುವುದಿಲ್ಲ."

ನಾನು ಇದನ್ನು ನನ್ನ ತಪ್ಪು ಎಂದು ಬರೆಯುವುದಿಲ್ಲ. ಬರೆಯಲಿ ಎಂದು ನೀವು ಕಾಯಬೇಡಿ. ಕಾರಿನ ಜೊತೆ ಬಂದ ದಪ್ಪ ಪುಸ್ತಕ ಇಂಗ್ಲಿಷಿನಲ್ಲಿ ಉಂಟು. ನಿಮ್ಮ ಇಪ್ಪತ್ತೇಳು ಮಾತ್ರ ಎಲ್ಲ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ, ಶೋರೂಮಿನ ಬಾಗಿಲಲ್ಲಿಯೇ ಉಂಟು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ ಎಂಬ ಮೂರು ಶಬ್ದ ಕನ್ನಡದಲ್ಲಿ ಹಾಕಲು ನಿಮ್ಮ ಶಾಯಿ ಮುಗಿದಿತ್ತೇ?

ಇನ್ನೊಂದು ಕೇಳಿ. ಹಂಪನಕಟ್ಟೆಯಲ್ಲಿ ಧಣಿ ಬೇಕರಿಗೆ ಹೋಗಲು ಇಳಿದರು. ಇಳಿಯುವಾಗ ಹೇಳಿದ್ದು ಒಂದೇ ಮಾತು: "ಎಸಿ ಇರಲಿ." ಮಂಗಳೂರಿನ ಬೆವರು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಇಲ್ಲಿ ಅಂಗಿ ಒಣಗುವುದೇ ಇಲ್ಲ, ಮೈಮೇಲೆಯೂ ಹಗ್ಗದ ಮೇಲೆಯೂ. ಆದ್ದರಿಂದ ಧಣಿಗಳು ಬಾಗಿಲು ತೆಗೆಯುವಾಗ ಒಳಗೆ ಮಂಜುಗಡ್ಡೆಯ ಕೋಣೆ ಇರಬೇಕು. ಅದು ಈ ಊರಿನ ಕ್ರಮ. ಮದುವೆ ಹಾಲ್‌ನ ಹೊರಗೆ, ಆಸ್ಪತ್ರೆಯ ಹೊರಗೆ, ಬ್ಯಾಂಕಿನ ಹೊರಗೆ, ಎಸಿ ಹಾಕಿಕೊಂಡು ಸಾಲಾಗಿ ನಿಂತ ಕಾರುಗಳನ್ನು ಯಾರು ಬೇಕಾದರೂ ನೋಡಬಹುದು. ನಾವು ಕೂತೆವು. ಕಾರು ಮೌನ. ಖರ್ಚೇ ಇಲ್ಲದ ತಂಪು ಎಂದು ನಾನು ಕಾಲು ಚಾಚಿದೆ. ಸ್ವಲ್ಪ ಹೊತ್ತಿಗೆ ಯಾರೂ ಏನೂ ಮುಟ್ಟದೆ ಎಂಜಿನ್ ತನ್ನಷ್ಟಕ್ಕೆ ಗುರ್ ಎಂದಿತು. ನಾನು ಬೆಚ್ಚಿಬಿದ್ದೆ. ರಾಹಿಲಾ ಎಂದಳು, "ಎಸಿ ಬ್ಯಾಟರಿಯನ್ನು ಕುಡಿದು ಮುಗಿಸಿತು. ಈಗ ಬ್ಯಾಟರಿ ಪೆಟ್ರೋಲ್ ಕುಡಿಯುತ್ತಾ ಉಂಟು. ನಿಂತಲ್ಲೇ. ಒಂದು ಗೇಣೂ ಓಡದೆ."

ಧಣಿ ಪಫ್ಸಿನ ಪೊಟ್ಟಣ ಹಿಡಿದು ಬಂದಾಗ ಎಂಜಿನ್ ಇನ್ನೂ ಓಡುತ್ತಿತ್ತು.

"ನಿಂತ ಕಾರಿನ ಎಂಜಿನ್ ಎಂತಕ್ಕೆ ಓಡ್ತದೆ?"

"ನಿಮಗೆ ತಂಪು ಆಗ್ಲಿಕ್ಕೆ ಧಣಿ" ಎಂದೆ. "ಮುಖೇಶನ ಕ್ಯಾನು ಇದೇ ನೋಡಿ. ಈಗ ನೀವು ಕೂತದ್ದು ಅದರ ಒಳಗೆ."

ಅವರು ನನ್ನ ಕೈಗೆ ಒಂದು ಪಫ್ಸ್ ಕೊಟ್ಟರು.

ಅಂದಿನಿಂದ ಮುಖೇಶ ರಾಹಿಲಾ ಹೇಳಿದ ಹಾಗೆ ಓಡಿಸಿದ. ಕಾಲನ್ನು ಹಗುರ ಇಟ್ಟ, ಸಿಗ್ನಲ್ ದೂರದಲ್ಲಿ ಕಂಡಾಗಲೇ ಪೆಡಲಿನಿಂದ ಕಾಲು ತೆಗೆದ, ನ್ಯೂಟ್ರಲ್ ಮರೆತ, ಟಯರಿನ ಗಾಳಿ ಸರಿ ಮಾಡಿಸಿದ, ಡಿಕ್ಕಿಯಲ್ಲಿದ್ದ ಧಣಿಯ ಹಳೆಯ ಸಾಮಾನಿನ ಮೂಟೆ ಇಳಿಸಿದ. ಎಸಿಯನ್ನು ಹದಕ್ಕೆ ಇಟ್ಟು, ಧಣಿ ಬರುವುದು ಕಂಡ ಮೇಲೆಯೇ ತಂಪು ಮಾಡಿದ. ಮೈಲೇಜ್ ಹದಿನೈದರಿಂದ ಏರಿ ಇಪ್ಪತ್ತೆರಡರ ಹತ್ತಿರ ಬಂತು. ನಾನು ಎದೆ ಉಬ್ಬಿಸಿಕೊಂಡು ಧಣಿಯ ಕಚೇರಿಗೆ ಹೋದೆ. ಮ್ಯಾನೇಜರು ಅಲ್ಲಿಯೇ ಇದ್ದರು. ಅವರು ನಕ್ಕು ಏನೆಂದರು ಗೊತ್ತೇ?

"ಅಂದ್ರೆ ಇಷ್ಟು ದಿನ ತೆಗೀತಾ ಇದ್ದದ್ದನ್ನು ಈಗ ಕಡಿಮೆ ಮಾಡಿದ್ದಾನೆ ಅಂತಾಯ್ತು. ಹೆದರಿಕೆ ಆಯ್ತಲ್ಲ, ಹಾಗೆ."

ನನಗೆ ಮೈಯೆಲ್ಲ ಉರಿಯಿತು. ಮೈಲೇಜ್ ಕಡಿಮೆಯಾದರೆ ಕಳ್ಳ. ಹೆಚ್ಚಾದರೆ ಸಿಕ್ಕಿಬಿದ್ದ ಕಳ್ಳ. "ಎಂತ ಮಾತು ಇದು? ನೀವೇ ಕೂತು ನೋಡಿದ್ದಲ್ಲವಾ?" ಎಂದು ಧಣಿಯನ್ನು ಕೇಳಿದೆ. ಅವರು ಕೆಟ್ಟ ಮನುಷ್ಯ ಅಲ್ಲ, ಅದನ್ನೂ ಬರೆಯಬೇಕು. ಹೇಳಿದರು: "ಉಮರಬ್ಬ, ನೀವು ಹೇಳುವುದು ಸರಿ ಇರಬಹುದು. ಆದರೂ ಇಪ್ಪತ್ತೇಳಕ್ಕೆ ಇನ್ನೂ ಐದು ಕಡಿಮೆ ಉಂಟಲ್ಲ? ಸರಕಾರದ ಮುದ್ರೆ ಸುಳ್ಳು ಹೇಳ್ತದಾ, ಒಬ್ಬ ಡ್ರೈವರ್ ಸುಳ್ಳು ಹೇಳ್ತಾನಾ, ನೀವೇ ಹೇಳಿ. ತಿಂಗಳು ಮುಗಿಯಿತು, ಕೀ ಇಲ್ಲಿ ಇಟ್ಟು ಹೋಗ್ಲಿ. ಆ ಮುದ್ರೆ ಒತ್ತಿದವರು ಒಂದು ಸಾಲು ಬರೆದು ಕೊಡ್ಲಿ, ಕೀ ವಾಪಸು ಕೊಡ್ತೇನೆ."

ಕೀ ಈಗ ಅವರ ಮೇಜಿನ ಮೇಲಿದೆ. ಮುಖೇಶ ಬೆಂಗ್ರೆಯಲ್ಲಿ ತಾಯಿಯ ಪಕ್ಕ ಕೂತು ಬಲೆ ಹೊಲಿಯುತ್ತಾನೆ. ಅವನಿಗೆ ಆ ಕೆಲಸ ಬರುವುದಿಲ್ಲ, ದೇಯಿ ಅವನು ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ದೋಣಿಯಲ್ಲಿ ಜನ "ಎಂತ ಮುಖೇಶಾ, ಇವತ್ತು ಕಾರಿಲ್ವಾ?" ಎಂದು ಕೇಳುತ್ತಾರೆಂದು ಅವನು ಈ ದಡಕ್ಕೆ ಬರುವುದನ್ನೇ ಬಿಟ್ಟಿದ್ದಾನೆ.

ಈಗ ನಿಮ್ಮ ಸರದಿ ಮಾನ್ಯರೇ. ನೀವು ಕಾರನ್ನು ರಸ್ತೆಗೆ ಇಳಿಸದೆ, ಕೋಣೆಯೊಳಗೆ ಉರುಳೆಗಳ ಮೇಲೆ ಓಡಿಸಿ ಮೈಲೇಜ್ ಅಳೆಯುತ್ತೀರಂತೆ, ಹೌದೇ? ಆಗ ಎಸಿ ಬಂದ್ ಇತ್ತೇ? ಒಳಗೆ ಬೆವರುವ ಧಣಿ ಕೂತಿದ್ದರೇ? ಆ ಉರುಳೆಗಳ ಮೇಲೆ ಒಂದು ಬಾವುಟಗುಡ್ಡೆ ಇತ್ತೇ? ಬಾನೆಟ್ಟಿಗೆ ಬಡಿಯುವ ಕಂಡಕ್ಟರ್? ಎಲ್ಲ ಕಾರನ್ನೂ ಒಂದೇ ರೀತಿ ಅಳೆಯಲು ಹಾಗೆ ಮಾಡಬೇಕಾಗುತ್ತದೆ ಎಂದು ರಾಹಿಲಾ ನಿಮ್ಮ ಪರ ವಾದಿಸಿದಳು. ಇರಬಹುದು. ಕಾರಿಗೂ ಕಾರಿಗೂ ಹೋಲಿಸಲು ಮಾಡಿದ ಅಳತೆಯನ್ನು ಮನುಷ್ಯನ ಕುತ್ತಿಗೆಗೆ ಕಟ್ಟುವುದನ್ನು ನೋಡಿಯೂ ನೀವು ಬಾಯಿ ಬಿಡದಿರುವುದು ಯಾಕೆ? ನಿಮಗೆ ಗೊತ್ತಿಲ್ಲವೆಂದರೆ ನಾನು ನಂಬುವುದಿಲ್ಲ. ನಿಮ್ಮ ಮನೆಯ ಕಾರೂ ನಿಮ್ಮ ಮುದ್ರೆಯಷ್ಟು ಓಡುವುದಿಲ್ಲ. ನಿಮ್ಮ ಡ್ರೈವರನ್ನು ಎಂದಾದರೂ ಕೇಳಿದ್ದೀರಾ? ಕೇಳಿ. ಅವನೂ ಕನ್ನಡಿಯಲ್ಲಿ ನೋಡಿ ಸುಮ್ಮನಿರುತ್ತಾನೆ.

ನನಗೆ ಬೇಕಾದದ್ದು ಒಂದು ಸಾಲು. ಈ ಅಂಕಿ ಪರೀಕ್ಷಾ ಕೋಣೆಯದ್ದು, ರಸ್ತೆಯದ್ದಲ್ಲ, ಇದನ್ನು ಹಿಡಿದು ಯಾವ ಡ್ರೈವರನ್ನೂ ಕಳ್ಳ ಎನ್ನಬಾರದು ಎಂದು ಕನ್ನಡದಲ್ಲಿ ಬರೆದು, ಇಪ್ಪತ್ತೇಳಕ್ಕೆ ಒತ್ತಿದ ಅದೇ ಮುದ್ರೆಯನ್ನು ಅದರ ಕೆಳಗೂ ಒತ್ತಿ ಕಳಿಸಿ. ಬರೆಯಲು ಕೈ ಬರದಿದ್ದರೆ ನೀವೇ ಬನ್ನಿ. ಮೇ ತಿಂಗಳಲ್ಲಿ, ಮಧ್ಯಾಹ್ನ. ಕಾರು ಧಣಿ ಕೊಡುತ್ತಾರೆ, ನಾನು ಕೇಳಿ ಇಟ್ಟಿದ್ದೇನೆ. ಸ್ಟೇರಿಂಗ್ ನಿಮ್ಮದು, ಪಕ್ಕದಲ್ಲಿ ನನ್ನ ಮಗಳು, ಹಿಂದೆ ಮ್ಯಾನೇಜರು ಲೆಕ್ಕ ಹಿಡಿದು ಕೂರುತ್ತಾರೆ. ಪಣಂಬೂರಿನಿಂದ ಹಂಪನಕಟ್ಟೆಗೆ ನೀವೇ ಇಪ್ಪತ್ತೇಳು ತೆಗೆದು ತೋರಿಸಿ. ತೆಗೆದರೆ ನಾನು ಈ ಪತ್ರವನ್ನು ನುಂಗುತ್ತೇನೆ. ತೆಗೆಯಲಾಗದಿದ್ದರೆ ನಾವು ನಿಮ್ಮನ್ನು ಕಳ್ಳ ಎನ್ನುವುದಿಲ್ಲ, ಅಷ್ಟು ಮರ್ಯಾದೆ ನಮಗೆ ಉಂಟು. ದೋಣಿ ಹತ್ತಿಸಿ ಬೆಂಗ್ರೆಗೆ ಕರೆದುಕೊಂಡು ಹೋಗುತ್ತೇನೆ. ಆ ಕೀಯನ್ನು ನಿಮ್ಮ ಕೈಯಿಂದಲೇ ಮುಖೇಶನಿಗೆ ಕೊಡಿ, ಅವನ ತಾಯಿ ನೋಡುವ ಹಾಗೆ.

ಇಂತಿ,
ನಿಮ್ಮ ಮುದ್ರೆಯನ್ನು ನಂಬಿ ತುಕ್ರನ ಮಗನ ಮನೆ ಮೂಸಿ ಬಂದ,
ಈ ಪ್ರಾಯದಲ್ಲಿ ನ್ಯೂಟ್ರಲ್ ಬಿಟ್ಟ,
ಉಮರಬ್ಬ
ಹಳೆಯ ಲಾರಿ ಡ್ರೈವರ್, ಮಂಗಳೂರು