ಕಸ್ತೂರಿಬಾಯಿಯವರ ಎಡಗೆನ್ನೆ

ಪಂಚವಟಿ, ನಾಸಿಕ
೧೮ ಫೆಬ್ರವರಿ ೧೯೭೨

ಪ್ರೀತಿಯ ಮನೋರಮಕ್ಕನಿಗೆ,

ರಾಜೀವಿಯ ನಮಸ್ಕಾರ. ಈ ಪತ್ರವನ್ನು ತಂದುಕೊಟ್ಟವರು ಕಸ್ತೂರಿಬಾಯಿ. ಪಿಂಪಳಗಾಂವ್ ಬಸವಂತದಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಗುರುಲಿಂಗಪ್ಪನವರ ಹೆಂಡತಿ, ಬೀದರ್ ಕಡೆಯವರು. ಮೊದಲು ಅವರ ಎಡಗೆನ್ನೆಯ ಒಳಗೆ ನೋಡು. ಕೆಳಗಿನ ದವಡೆಹಲ್ಲುಗಳ ಪಕ್ಕದಲ್ಲಿ ಒಂದು ಬಿಳಿ ಮಚ್ಚೆ ಇದೆ. ಹತ್ತಿಯಿಂದ ಒರೆಸಿದರೆ ಹೋಗುವುದಿಲ್ಲ. ನಡುವೆ ಕೆಂಪು ಚುಕ್ಕೆ, ಅಂಚು ಬೆರಳಿಗೆ ಗಟ್ಟಿಯಾಗಿ ಹತ್ತುತ್ತದೆ. ಅದಕ್ಕೆ ಹೆಸರಿಡುವ ಅಧಿಕಾರ ನನಗಿಲ್ಲ. ನಿನಗೂ ಇಲ್ಲವೆಂದು ನೀನೇ ಹೇಳುತ್ತಿದ್ದೆ. ನಿಮ್ಮ ಆಸ್ಪತ್ರೆಯ ಸರ್ಜನರಿಗೆ ತೋರಿಸು, ಇವತ್ತೇ ತೋರಿಸು. ಉಳಿದದ್ದನ್ನು ಮನೆಗೆ ಹೋಗಿ ಓದು. ಉಳಿದದ್ದು ಬರೀ ಹೊಟ್ಟೆಕಿಚ್ಚು, ಅದು ಕಾಯುತ್ತದೆ.

ಈಗ ಮನೆಯಲ್ಲಿ ಕುಳಿತು ಓದುತ್ತಿದ್ದೀ ಎಂದುಕೊಂಡು ಬರೆಯುತ್ತೇನೆ.

ನಾಲ್ಕು ತಿಂಗಳು ಮೊದಲು ಹುಟ್ಟಿದ್ದಕ್ಕೆ ನಿನ್ನನ್ನು ಅಕ್ಕ ಎನ್ನಬೇಕೆಂದು ಅಜ್ಜಿ ಕಲಿಸಿದ ದಿನದಿಂದ ನನಗೆ ನಿನ್ನ ಮೇಲೆ ಸಿಟ್ಟು. ಅಪ್ಪ ಅಮ್ಮ ನಾಸಿಕದಲ್ಲಿ ಹೋಟೆಲು ನೋಡಿಕೊಳ್ಳುತ್ತಿದ್ದರು, ನಾನು ಉಡುಪಿಯಲ್ಲಿ ಅಜ್ಜಿಯ ಬಳಿ. ಪ್ರತಿ ಬೇಸಿಗೆಗೆ ಅತ್ತೆ ಮಗಳಾದ ನಿನ್ನನ್ನು ನಾಸಿಕದಿಂದ ಕರೆತರುತ್ತಿದ್ದರು. ನನ್ನ ಅಪ್ಪ ಅಮ್ಮನ ಸುದ್ದಿಯನ್ನು ನೀನು ನನಗೆ ಹೇಳುತ್ತಿದ್ದೆ. ಮಾವ ಹೀಗೆ ನಕ್ಕರು, ಮಾಮಿ ಹೀಗೆ ಬೈದರು ಎಂದು. ನನ್ನವರು ನನಗಿಂತ ನಿನಗೆ ಹೆಚ್ಚು ಗೊತ್ತಿದ್ದರು. ಅದು ನಿನ್ನ ತಪ್ಪಲ್ಲ. ಆದರೂ ಹೇಳಬೇಕೆನಿಸಿತು.

ಸಾಹಿತ್ಯದಲ್ಲಿ ಬಿ.ಎ. ಮುಗಿಸಿಕೊಂಡು ಇಲ್ಲಿಗೆ ಬಂದಾಗ ನೀನು ಮುಂಬಯಿಯಲ್ಲಿ ಹಲ್ಲು ಸ್ವಚ್ಛ ಮಾಡುವ ತರಬೇತಿ ಪಡೆದು, ಡಾಕ್ಟರ್ ದೇವದಾಸರ ದವಾಖಾನೆಯಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತಿದ್ದೆ. ನನ್ನನ್ನೂ ಅಲ್ಲಿಗೆ ಸೇರಿಸಿದವಳು ನೀನೇ, ರೋಗಿಗಳ ಹೆಸರು ಕೂಗುವ ಕೆಲಸಕ್ಕೆ. ನಾನು ಕೂಗಿದ್ದು ಎದುರಿಗೆ ಕುಳಿತವರಿಗೂ ಕೇಳುತ್ತಿರಲಿಲ್ಲ. ನೀನು ಒಳಗಿನಿಂದ ಒಂದು ಸಲ ಕೂಗಿದರೆ ಗೋದಾವರಿಯ ಆಚೆ ದಡದವರೂ ಎದ್ದು ಬರುತ್ತಾರೆ ಎಂದು ಡಾಕ್ಟರು ತಮಾಷೆ ಮಾಡುತ್ತಿದ್ದರು. ಪೂಜಾರಿಗಳ ಮನೆಯ ಹೆಂಗಸರು ಮನೋರಮಾತಾಯಿ ಇದ್ದಾರೆಯೇ ಎಂದು ಮರಾಠಿಯಲ್ಲಿ ಕೇಳಿಕೊಂಡೇ ಮೆಟ್ಟಿಲು ಹತ್ತುತ್ತಿದ್ದರು. ದ್ರಾಕ್ಷಿಯ ಕಾಲದಲ್ಲಿ ನಿನ್ನ ಹೆಸರಿಗೆ ಬುಟ್ಟಿ ಬರುತ್ತಿತ್ತು. ನೀನು ನನಗೂ ಕೊಡುತ್ತಿದ್ದೆ. ನಾನು ಹಲ್ಲು ಜುಮ್ಮೆನ್ನುತ್ತದೆ ಎಂದು ಹೇಳಿ ತಿನ್ನುತ್ತಿರಲಿಲ್ಲ.

ಒಬ್ಬೊಬ್ಬ ರೋಗಿ ಎದ್ದ ಮೇಲೂ ನೀನು ಹಲ್ಲು ಕೆರೆಯುವ ಕೊಕ್ಕೆ, ಕನ್ನಡಿಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿ ಕೈಕಟ್ಟಿ ನಿಲ್ಲುತ್ತಿದ್ದೆ. ಹೊರಗೆ ಜನ ಗೊಣಗುತ್ತಿದ್ದರು. ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಲದೇ, ಇದೇನು ಇಡ್ಲಿ ಬೇಯಿಸುತ್ತಿದ್ದೀಯಾ ಎಂದು ಡಾಕ್ಟರು ಒಮ್ಮೆ ಎಲ್ಲರೆದುರು ಕೇಳಿದರು. ನನ್ನ ಬಾಯಿಗೆ ಹಾಕಿಕೊಳ್ಳಲಾರದ್ದನ್ನು ಅವರ ಬಾಯಿಗೆ ಹೇಗೆ ಹಾಕಲಿ ಸರ್ ಎಂದು ನೀನು ಹೇಳಿದೆ. ದೊಡ್ಡಸ್ತಿಕೆ ಎಂದು ನನಗನ್ನಿಸಿತು. ಮುಂದಿನ ತಿಂಗಳು ನೀನು ಔರಂಗಾಬಾದಿನ ದೊಡ್ಡಾಸ್ಪತ್ರೆಗೆ ಹೊರಟುಹೋದೆ. ಬಸ್ ನಿಲ್ದಾಣದಲ್ಲಿ ನಾನು ಅತ್ತದ್ದು ನಿಜ. ಮನೆಗೆ ಬಂದು ಎರಡು ದೋಸೆ ಹೆಚ್ಚಿಗೆ ತಿಂದದ್ದೂ ನಿಜ.

ಡಾಕ್ಟರು ಹೊಸಬರನ್ನು ಹುಡುಕಲಿಲ್ಲ. ಮನೋರಮಾ ಮಾಡುವುದನ್ನು ಎರಡು ವರ್ಷ ನೋಡಿದ್ದೀಯಲ್ಲ, ಬಿ.ಎ. ಓದಿದವಳಿಗೆ ಹಲ್ಲು ಕೆರೆಯುವುದು ಕಷ್ಟವೇ ಎಂದು ನನ್ನನ್ನೇ ಕೇಳಿದರು. ಅವರ ಮಾತು ಮುಗಿಯುವ ಮೊದಲೇ ನಾನು ಹೂಂ ಎಂದಿದ್ದೆ. ಯಾರ ಎದುರಿಗೂ ಬಾಯಿ ಬಿಡದ ನನ್ನ ಮುಂದೆ ಎಲ್ಲರೂ ಬಾಯಿ ಬಿಟ್ಟು ಮಲಗುತ್ತಾರೆ ಎನ್ನುವುದೇ ಒಂದು ಸುಖವಾಗಿತ್ತು. ಮೊದಲ ದಿನ ಸ್ಪಿರಿಟ್ಟಿನಲ್ಲಿ ಒರೆಸಿ ಎರಡನೆಯವರಿಗೆ ಕೊಕ್ಕೆ ಎತ್ತಿಕೊಂಡೆ. ಕೈ ಮುಂದೆ ಹೋಗಲಿಲ್ಲ. ಇದನ್ನು ನಿನ್ನ ಬಾಯಿಗೆ ಹಾಕಿಕೊಳ್ಳುತ್ತೀಯಾ ಎಂದು ಕೇಳಿದ ಹಾಗಾಯಿತು, ಅದೂ ನಿನ್ನ ದನಿಯಲ್ಲಿ. ಸ್ಟವ್ ಹಚ್ಚಿ ನೀರಿಟ್ಟೆ. ಮನೋರಮಕ್ಕ, ನನ್ನ ಮನಸ್ಸಾಕ್ಷಿಗೂ ನಿನ್ನದೇ ದನಿ. ಅದೊಂದಾದರೂ ನನ್ನ ಸ್ವಂತದ್ದು ಇರಬಾರದಿತ್ತೇ?

ಕಸ್ತೂರಿಬಾಯಿ ಮೊದಲ ಸಲ ಬಂದದ್ದು ಕಳೆದ ತಿಂಗಳು, ಗಂಡನ ಜೊತೆ. ಮಗನ ಮದುವೆ ಗೊತ್ತಾಗಿದೆ, ಹಲ್ಲು ಬೆಳ್ಳಗಾಗಬೇಕು. "ನಮ್ಮ ಬೀಗತಿ ಹಲ್ಲ ಮಲ್ಲಿಗಿ ಮೊಗ್ಗಿನಂಗ ಅದಾವ್ರಿ. ಫೋಟೋದಾಗ ಆಕಿ ಬಾಜೂಕ ನಾ ನಿಂತ್ರ ಇದ್ದಲಿ ಅಂಗಡಿ ತೆಗದಂಗ ಕಾಣತೈತಿ" ಎಂದರು. ಇಷ್ಟು ವರ್ಷ ಆ ಹಲ್ಲೇ ನೋಡೀನಿ, ನನಗೇನೂ ಆಗಿಲ್ಲ ಎಂದು ಗುರುಲಿಂಗಪ್ಪನವರು ಗೊಣಗಿದರು. "ನೀವು ಉಳ್ಳಾಗಡ್ಡಿ ಬಿಟ್ಟು ನನ್ನ ಮಾರಿ ನೋಡೀರಿ ಯಾವಾಗ?" ಎಂದು ಇವರು ಕೇಳಿದರು. ನನಗೆ ಅವರು ಆಗಲೇ ಇಷ್ಟವಾದರು. ಅವರ ಹೊಟ್ಟೆಕಿಚ್ಚು ನನ್ನದರ ಹಾಗೆ ಮುಚ್ಚಿಟ್ಟದ್ದಲ್ಲ. "ಬಾಯಿಯವರ, ನಮ್ಮ ಬಾಯಿ ನೋಡ್ರಿ" ಎಂದು ತಮ್ಮ ಮಾತಿಗೆ ತಾವೇ ನಕ್ಕು ಕುರ್ಚಿಯಲ್ಲಿ ಒರಗಿದರು.

ನಾನು ಫೋಟೋದಲ್ಲಿ ಕಾಣುವ ಹಲ್ಲುಗಳನ್ನಷ್ಟೇ ನೋಡಿದೆ. ಆಮೇಲೆ ನೀನು ಕೇಳುವ ಹಾಗೆಯೇ, ಬಾಯಿಗೆ ಏನೇನು ಹಾಕಿಕೊಳ್ಳುತ್ತೀರಿ ಎಂದು ಕೇಳಿದೆ. "ಏನಿಲ್ರಿ, ಮಿಶ್ರಿ ಅಷ್ಟ. ಮುಂಜಾನಿ ಒಂದೀಟು, ಉಂಡಮ್ಯಾಲ ಒಂದೀಟು" ಎಂದರು. ಪಂಚವಟಿಯ ಗುಡಿಗಳಲ್ಲಿ ಪ್ರಸಾದಕ್ಕೆ ಕೊಡುವ ಕಲ್ಲುಸಕ್ಕರೆಯನ್ನು ಉತ್ತರದ ಯಾತ್ರಿಕರು ಮಿಶ್ರಿ ಎನ್ನುವುದನ್ನು ಕೇಳಿದ್ದೆ. ನನಗೆ ಗೊತ್ತಿದ್ದ ಮಿಶ್ರಿ ಅದೊಂದೇ. ಪರವಾಗಿಲ್ಲ, ತಿಂದ ಮೇಲೆ ಬಾಯಿ ಮುಕ್ಕಳಿಸಿಬಿಡಿ ಎಂದೆ. ಅವರು ಎದ್ದು ಕುಳಿತು ಗಂಡನ ಕಡೆ ತಿರುಗಿ, "ಕೇಳಿದ್ರಿಲ್ಲ? ದಿನಾ ಬೈತಿದ್ರಿ. ಡಾಕ್ಟರ್ ಬಾಯಿನ ಹೂಂ ಅಂದ್ರು" ಎಂದರು. ಕಲ್ಲುಸಕ್ಕರೆಗೆ ಯಾರು ದಿನಾ ಬೈಯುತ್ತಾರೆ ಎಂದು ನಾನು ಯೋಚಿಸಬೇಕಾಗಿತ್ತು. ಡಾಕ್ಟರ್ ಬಾಯಿ ಎಂದದ್ದು ಕಿವಿಯಲ್ಲಿ ತುಂಬಿತ್ತು, ಬೇರೇನೂ ಒಳಗೆ ಹೋಗಲಿಲ್ಲ.

ಮೊನ್ನೆ ಸೋಮವಾರ ಹಲ್ಲು ಸ್ವಚ್ಛ ಮಾಡಿಸಿಕೊಳ್ಳಲು ಎರಡನೆಯ ಸಲ ಒಬ್ಬರೇ ಬಂದರು. ಹೊರಗಿನ ಬೆಂಚಿನ ಮೇಲೆ ಕುಳಿತು, ಸೊಂಟದಿಂದ ಸಣ್ಣ ತಗಡಿನ ಡಬ್ಬಿ ತೆಗೆದು, ಕಪ್ಪು ಪುಡಿಯನ್ನು ಬೆರಳಿನಲ್ಲಿ ಅದ್ದಿ ಹಲ್ಲಿಗೆ ತಿಕ್ಕಿಕೊಂಡು, ಉಳಿದದ್ದನ್ನು ಎಡಗೆನ್ನೆಯ ಸಂದಿಗೆ ಒತ್ತಿದರು. ಸುಟ್ಟ ತಂಬಾಕಿನ ವಾಸನೆ. ಇದೇನೆಂದು ಕೇಳಿದೆ. "ಇದರೀ, ನೀವು ಹೂಂ ಅಂದ ಮಿಶ್ರಿ. ಈಗ ಸಂಜೀಕೂ ಹಚ್ಚತೀನಿ" ಎಂದರು.

ಆಗ ನನಗೆ ಮೊದಲು ಹೊಳೆದದ್ದು ಏನು ಗೊತ್ತೇ? ಇಲ್ಲೇ ಬೆಳೆದ ಮನೋರಮಕ್ಕನಿಗೆ ಐದನೆಯ ವಯಸ್ಸಿಗೇ ಮಿಶ್ರಿ ಎಂದರೆ ಈ ತಂಬಾಕಿನ ಪುಡಿಯೆಂದು ಗೊತ್ತಿರುತ್ತಿತ್ತು ಎಂದು. ಅವರ ಬಾಯಿಯ ಯೋಚನೆ ಬಂದದ್ದು ಅದರ ನಂತರ. ಹೆಚ್ಚು ಹೊತ್ತಲ್ಲ, ಆದರೂ ನಂತರವೇ.

ಕುರ್ಚಿಯಲ್ಲಿ ಮಲಗಿಸಿ ನೀನು ಮಾಡುತ್ತಿದ್ದ ಹಾಗೆ, ಹಲ್ಲು ಮುಟ್ಟುವ ಮೊದಲು ಕನ್ನಡಿಯಿಂದ ಕೆನ್ನೆಯನ್ನು ಸರಿಸಿ ನೋಡಿದೆ. ಖಾರ ತಿಂದರೆ ಅಲ್ಲಿ ಉರಿಯುತ್ತದೆಯೇ ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು. ಡಾಕ್ಟರನ್ನು ಕರೆದೆ. ಅವರು ಇಣುಕಿ ನೋಡಿ ನನ್ನನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋದರು. ತಂಬಾಕಿನವರಿಗೆಲ್ಲ ಇದು ಇದ್ದದ್ದೇ, ಮದುವೆ ಮುಗಿಯಲಿ ನೋಡೋಣ, ಈಗ ಹಲ್ಲು ಬೆಳ್ಳಗೆ ಮಾಡಿ ಕಳಿಸು, ಹೆದರಿಸಿದರೆ ಪಿಂಪಳಗಾಂವದಿಂದ ಇನ್ನೊಂದು ನರಪಿಳ್ಳೆ ಬರುವುದಿಲ್ಲ ಎಂದರು. ಅವರು ಕೆಟ್ಟವರಲ್ಲ, ನಿನಗೆ ಗೊತ್ತು. ಮುಂದಕ್ಕೆ ಹಾಕುವವರು, ಅಷ್ಟೇ.

ನಾನು ಸುಮ್ಮನಿದ್ದರೆ ಕುರ್ಚಿ ನನ್ನದು. ಕಸ್ತೂರಿಬಾಯಿ ಬೆಳ್ಳಗಿನ ಹಲ್ಲು ತೋರಿಸಿಕೊಂಡು ಮದುವೆ ಮನೆಯಲ್ಲೆಲ್ಲ ನನ್ನ ಹೆಸರು ಹೇಳುತ್ತಾರೆ. ಮುಂದಿನ ವರ್ಷ ದ್ರಾಕ್ಷಿ ಬುಟ್ಟಿ ನನ್ನ ಹೆಸರಿಗೆ. ಕೊಕ್ಕೆ ಕೈಯಲ್ಲಿ ಹಿಡಿದು ಇದನ್ನೆಲ್ಲ ಯೋಚಿಸಿದೆ.

ಆಮೇಲೆ ಕೊಕ್ಕೆ ಕೆಳಗಿಟ್ಟು ಅವರಿಗೆ ಹೇಳಿದೆ. ಮೊದಲು ಮಿಶ್ರಿಯ ವಿಷಯ. ನಾನು ಕಲ್ಲುಸಕ್ಕರೆ ಎಂದುಕೊಂಡಿದ್ದೆ, ಹೂಂ ಎಂದದ್ದು ತಪ್ಪು, ಇವತ್ತಿನಿಂದ ಅದನ್ನು ಮುಟ್ಟಬೇಡಿ ಎಂದೆ. ಅವರು ಕುರ್ಚಿ ಅಲುಗುವ ಹಾಗೆ ನಕ್ಕರು. ನಾನು ಡಾಕ್ಟರಲ್ಲ, ಈ ಕೆಲಸವನ್ನು ಕಲಿತು ಪರೀಕ್ಷೆ ಕೊಟ್ಟವಳೂ ಅಲ್ಲ ಎಂದೆ. ನಗು ನಿಂತಿತು. "ಮತ್ತ ನನ್ನ ಬಾಯಾಗ ಕೈ ಯಾಕ ಹಾಕೀದಿ?" ಎಂದು ಕೇಳಿದರು. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವರು. ಕೆನ್ನೆಯೊಳಗಿನದನ್ನು ಮದುವೆಯ ನಂತರವಲ್ಲ, ಮೊದಲೇ ದೊಡ್ಡ ಡಾಕ್ಟರಿಗೆ ತೋರಿಸಬೇಕು ಎಂದಷ್ಟೇ ಹೇಳಿದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ಕುರ್ಚಿಯಿಂದ ಇಳಿದರು. ನನ್ನ ದನಿ ಗಟ್ಟಿಯಾಗಿತ್ತೋ ಏನೋ, ಹೊರಗಿನ ಬೆಂಚಿನವರೆಲ್ಲ ಕೇಳಿಸಿಕೊಂಡಿದ್ದರು. ಡಾಕ್ಟರೂ ಕೇಳಿಸಿಕೊಂಡಿದ್ದರು.

ಮರುದಿನ ಗುರುಲಿಂಗಪ್ಪನವರು ನಮ್ಮ ಹೋಟೆಲಿಗೇ ಬಂದು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಕೇಳಿದರು. ನಾನು ಮುಂಬಯಿ ಎಂದೆ. ಮುಂಬಯಿಯಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ, ನೀನಿಲ್ಲ. ಅಲ್ಲಿ ನಮ್ಮವರು ಯಾರದಾರ್ರಿ ಎಂದು ಅವರು ತಲೆ ಹಿಡಿದುಕೊಂಡು ಕುಳಿತರು. ಕಸ್ತೂರಿಬಾಯಿಯವರ ತಂಗಿ ಪ್ರೇಮಾಬಾಯಿ ಔರಂಗಾಬಾದಿನಲ್ಲಿದ್ದಾರಂತೆ. ಹಾಗಾದರೆ ಅಲ್ಲಿ ನನ್ನ ಅಕ್ಕ ಇದ್ದಾಳೆ ಎಂದೆ. ಅಕ್ಕ ಎನ್ನುವುದು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಅದೇ ಮೊದಲು.

ಒಂದು ಮಾತು. ಅವರ ಹಲ್ಲು ಇನ್ನೂ ಕಪ್ಪಾಗಿಯೇ ಇದೆ. ಮಚ್ಚೆಗಿಂತ ಫೋಟೋದ ಚಿಂತೆಯೇ ಅವರಿಗೆ ಹೆಚ್ಚು. ಸರ್ಜನರು ಒಪ್ಪಿದರೆ ಮದುವೆಗೆ ಮುಂಚೆ ನೀನೇ ಸ್ವಚ್ಛ ಮಾಡಿಕೊಡು. ಅದನ್ನು ಕಲಿತವಳು ನೀನು. ಅವರು ನಿನ್ನನ್ನು ಹೊಗಳಿ ಪಿಂಪಳಗಾಂವಕ್ಕೆಲ್ಲ ಸಾರುತ್ತಾರೆ. ಸಾರಲಿ. ನನಗೆ ಉರಿಯುತ್ತದೆ. ಉರಿಯಲಿ.

ಅತ್ತೆಗೆ ನಮಸ್ಕಾರ ಹೇಳು.

ನಿನ್ನನ್ನು ಇನ್ನೂ ಪೂರ್ತಿ ಕ್ಷಮಿಸದ,
ರಾಜೀವಿ

ತಾ.ಕ.: ಸರ್ಜನರು ಏನೆಂದರು ಎಂದು ತಪ್ಪದೆ ಬರೆ. ದವಾಖಾನೆಗೆ ಬರೆಯಬೇಡ, ಹೋಟೆಲಿನ ವಿಳಾಸಕ್ಕೆ ಬರೆ. ಮಂಗಳವಾರದಿಂದ ನಾನು ಅಲ್ಲಿ ಕೆಲಸದಲ್ಲಿಲ್ಲ. ಪತ್ರ ಒಯ್ಯಲು ಬಂದು ಎದುರಿಗೇ ಕುಳಿತ ಕಸ್ತೂರಿಬಾಯಿ ಈಗಷ್ಟೇ, "ಆಕಿ ನಿನಗಿಂತ ಚಲೋ ನೋಡ್ತಾಳೇನು?" ಎಂದು ಕೇಳಿದರು. ಹೌದು ಎಂದೆ. ನಾನು ಹಾಗೆಂದೆನೆಂದು ಅವರು ನಿನಗೆ ಹೇಳಿಯೇ ಹೇಳುತ್ತಾರೆ. ಕೇಳಿಸಿಕೋ, ಆದರೆ ನನಗೆ ಬರೆಯುವ ಪತ್ರದಲ್ಲಿ ಆ ಮಾತು ಎತ್ತಬೇಡ.