ಕ್ಯಾಸೆಟ್ಟಿನ ಎರಡನೆಯ ಮಗ್ಗುಲು

ಕಾರ್ಕಳ
ಫೆಬ್ರವರಿ ೧೯೮೬

ಪ್ರೀತಿಯ ಬಾಪಾ,

ಅಸ್ಸಲಾಮು ಅಲೈಕುಂ. ತೀರಿಹೋದ ನಿಮಗೆ, ನೀವು ಬದುಕಿದ್ದಾಗಲೂ ಓದಲು ಬಾರದಿದ್ದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಓದಿದವನ ಬುದ್ಧಿ ನೋಡಿ!

ಮಣಿಪಾಲದಲ್ಲಿ ಡಾಕ್ಟರಾಗಬೇಕಿದ್ದ ಮಗ ಮೈಸೂರಿಗೆ ಹೋಗಿ ತತ್ತ್ವಶಾಸ್ತ್ರದ ಎಂ.ಎ. ಹಿಡಿದಾಗ ನಮ್ಮೂರು ಕಾಪುವಿನಲ್ಲಿ ನಗದವರಿಲ್ಲ. ನೀವು ಮಾತ್ರ ದುಬೈಯಿಂದ ಕ್ಯಾಸೆಟ್ಟಿನಲ್ಲಿ ಕೇಳಿದಿರಿ: “ಮೋನೆ, ಅದರಲ್ಲಿ ಎಂತ ಉಂಟು ಮಾರಾಯ? ನಿನಗೆ ಖುಷಿ ಉಂಟಲ್ವಾ? ಹಾಗಾದರೆ ಓದು.” ಆ ದನಿಯೂ ಈಗ ಉಳಿದಿಲ್ಲ. ಅಕ್ಷರ ಬಾರದ ನೀವು, ಉಮ್ಮ ಇಬ್ಬರೂ ಮಾತಾಡುತ್ತಿದ್ದುದು ಕ್ಯಾಸೆಟ್ಟಿನಲ್ಲಿ. ನಿಮ್ಮ ಮಾತು ಕೇಳಿ ಮುಗಿಸಿ, ಅದರ ಮೇಲೆಯೇ ನಮ್ಮ ಮಾತು ತುಂಬಿಸಿ, ದುಬೈಗೆ ಹೊರಟವರ ಕೈಯಲ್ಲಿ ಕೊಟ್ಟುಬಿಡುವುದು ನಮ್ಮ ಮನೆಯ ಪದ್ಧತಿ.

ಎಂಬತ್ತೆರಡರ ರಜೆಯಲ್ಲಿ ನಾನು ಮನೆಗೆ ಬಂದಾಗ, ನಿಮ್ಮಿಂದ ಬಂದಿದ್ದ ಕ್ಯಾಸೆಟ್ಟಿನ ಮೊದಲ ಮಗ್ಗುಲಿನಲ್ಲಿ ಉಮ್ಮ ಆಗಲೇ ತಮ್ಮ ಉತ್ತರ ತುಂಬಿಸಿದ್ದರು. “ಎರಡನೆಯದು ನಿನಗೊಬ್ಬನಿಗೇ ಅಂತೆ. ನಾನು ಕೇಳಲಿಲ್ಲ,” ಎಂದರು. ನಾನೂ ಕೇಳಲಿಲ್ಲ ಬಾಪಾ. ನಮಾಜು ಬಿಡಬೇಡ, ಸಿನಿಮಾಕ್ಕೆ ಹೋಗಬೇಡ, ಮತ್ತೇನಿದ್ದೀತು ಎಂದುಕೊಂಡೆ. ವಾರದಲ್ಲಿ ಸೆಮಿನಾರ್ ಇತ್ತು. ನನ್ನ ದನಿ ಹೇಗಿದೆ ನೋಡೋಣವೆಂದು ಅದರ ಮೇಲೆಯೇ ಪ್ರಬಂಧ ಓದಿ ರೆಕಾರ್ಡ್ ಮಾಡಿದೆ. ಅದರ ವಾದ ಇಷ್ಟು: ಪಶ್ಚಿಮದವನೊಬ್ಬ ಎಲ್ಲವನ್ನೂ ಸಂಶಯಿಸುತ್ತ ಜ್ಞಾನ ಹುಡುಕಿದ. ನಮ್ಮ ನೈಯಾಯಿಕರಿಗಾದರೋ ನಂಬತಕ್ಕವರ ಮಾತೇ ಜ್ಞಾನಕ್ಕೆ ಒಂದು ಪ್ರಮಾಣ. ಅಂಥ ಮಾತನ್ನು ಅಳಿಸುತ್ತ ಅಳಿಸುತ್ತ ಅದನ್ನೇ ಕೊಂಡಾಡಿದ ಮಹಾಪಂಡಿತ ನಾನು.

ಅದಾದ ಹನ್ನೊಂದನೆಯ ದಿನ ಟೆಲಿಗ್ರಾಂ ಬಂತು. ಎದೆನೋವಂತೆ. ಅಲ್ಲಿಯೇ ದಫನ ಮಾಡಿದರು. ಒಂದು ಹಿಡಿ ಮಣ್ಣು ಹಾಕುವ ಭಾಗ್ಯವೂ ನನಗಿರಲಿಲ್ಲ.

ವಿಧವೆಯ ನಾಲ್ಕು ತಿಂಗಳ ಇದ್ದತ್ ಕುಳಿತಿದ್ದ ಉಮ್ಮ ಕೇಳಿದರು: “ನಿನಗೆ ಎಂತ ಹೇಳಿದ್ದರು ಮೋನೆ?” ಧೈರ್ಯವಾಗಿ ಓದು ಅಂದಿದ್ದರು ಎಂದೆ. ಕ್ಯಾಸೆಟ್ ಹಾಸ್ಟೆಲಿನಲ್ಲಿ ಕಳೆದುಹೋಯಿತು ಎಂದೆ. ಎರಡನ್ನೂ ನಂಬಿದರು. ಅಂದಿನಿಂದ ಹೋದಾಗಲೆಲ್ಲ ಕೇಳುತ್ತಾರೆ. ನಾನು ಒಂದೊಂದು ಮಾತು ಸೇರಿಸುತ್ತೇನೆ. ವಾರವಿಡೀ ಇಲ್ಲಿಯ ಕಾಲೇಜಿನಲ್ಲಿ ಸತ್ಯವೆಂದರೇನೆಂದು ಪಾಠ ಮಾಡುವವನು, ಭಾನುವಾರ ಕಾಪುವಿನ ಬಸ್ಸಿನಲ್ಲಿ ಕೂತು ನಿಮ್ಮ ಹೆಸರಿನಲ್ಲಿ ಸುಳ್ಳು ಹೊಸೆಯುತ್ತೇನೆ. ನಾಚಿಕೆಯಾಗುತ್ತದೆ ಬಾಪಾ.

ಕಳೆದ ಭಾನುವಾರ ಬಂಗುಡೆ ಮೀನು ಕೊಯ್ಯುತ್ತಿದ್ದ ಉಮ್ಮ ತಲೆ ಎತ್ತದೆ ಕೇಳಿದರು: “ಅದರಲ್ಲಿ ನನ್ನ ವಿಷಯ ಎಂತಾದರೂ ಹೇಳಿದ್ದರಾ?” ಹತ್ತು ವರ್ಷ ನಿಮ್ಮ ದನಿಯೊಡನೆ ಸಂಸಾರ ಮಾಡಿದವರು. ಹೌದು ಎಂದುಬಿಟ್ಟೆ. ಕೈ ನಿಂತಿತು. “ಎಂತ ಹೇಳಿದ್ದರು?” ನೆನಪು ಮಾಡಿಕೊಂಡು ಬರುವ ವಾರ ಹೇಳುತ್ತೇನೆಂದು ಎದ್ದು ಬಂದೆ.

ನಾಳೆ ಭಾನುವಾರ. ಅವರು ಕಾಯುತ್ತಿರುತ್ತಾರೆ. ನನ್ನ ಬಗ್ಗೆ ನಿಮ್ಮಿಂದ ಎಷ್ಟೋ ಮಾತು ಆಡಿಸಿದೆ. ಉಮ್ಮನ ಬಗ್ಗೆ ನೀವು ಏನು ಹೇಳುತ್ತಿದ್ದಿರಿ ಎಂದು ಒಂದು ವಾಕ್ಯವೂ ಹೊಳೆಯುತ್ತಿಲ್ಲ. ನಿಮ್ಮನ್ನು ನಾನು ಅಷ್ಟೂ ಅರಿತಿರಲಿಲ್ಲ.

ಅಲ್ಲಾಹನು ನಿಮ್ಮ ಕಬರನ್ನು ಬೆಳಕಾಗಿಸಲಿ. ಸಾಧ್ಯವಾದರೆ ಮಗನನ್ನು ಕ್ಷಮಿಸಿ.

ನಿಮ್ಮ ಮಾತು ಕೇಳದ,
ಉಸ್ಮಾನ್