ಹಾಡುವ ಬಾಗಿಲು ಮತ್ತು ಕಿಟಕಿಯ ಆಲೂಗಡ್ಡೆ

ನಾಟಕಶಾಲೆಯ ಹಿಂದಿನ ಸಾಮಾನು ಕೋಣೆಯಿಂದ,
ಮಾರ್ಚ್ ೧೨, ಭಾನುವಾರ ಬೆಳಿಗ್ಗೆ

ಪ್ರೀತಿಯ ಚಿನಕುರುಳಿ,

ಕಿವಿನೋವು ಹೇಗಿದೆ? ಗಾಳಿಯ ವೇಗ ಅಳೆಯುವ ಕೆಲಸಕ್ಕೆ ಹೋದವಳು ಕಿವಿಗೆ ಬಟ್ಟೆ ಕಟ್ಟದೆ ಬಯಲಲ್ಲಿ ನಿಂತರೆ, ಗಾಳಿ ಏನು ನಿನ್ನ ನೆಂಟನೆ, ಪಾಪ ಅಂತ ಬಿಟ್ಟುಬಿಡಲು? ಟೋಪಿ ಹಾಕಿಕೊ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಗುಂಡುಕಲ್ಲಿನಂತೆ ಇದ್ದೇನೆ, ಗಂಟಲೊಂದು ಮಾತ್ರ ಪೂರ್ತಿ ಬಿದ್ದುಹೋಗಿದೆ. ಅದು ಯಾಕೆ ಬಿತ್ತು ಎನ್ನುವುದೇ ಈ ಪತ್ರದ ಕಥೆ. ನಿಮ್ಮಮ್ಮನ ವಿಷಯಕ್ಕೆ ಆಮೇಲೆ ಬರುತ್ತೇನೆ. ಹಾಳೆ ತಿರುವಿ ಕೊನೆ ನೋಡಿದೆಯೋ, ನಿನ್ನ ಮೇಲಾಣೆ, ಇನ್ನೊಂದು ಪತ್ರ ಬರೆಯುವುದಿಲ್ಲ! ನಾಟಕ ನೋಡಲು ಬಂದವರು ಪರದೆಯ ಹಿಂದೆ ಇಣುಕಬಾರದು.

ನಿನ್ನ ನಡುಗಡ್ಡೆಯ ವರ್ಣನೆ ಓದಿ ಎಲ್ಲರಿಗೂ ಹೇಳಿದ್ದೇನೆ. ದೋಣಿ ಬಂದಾಗ ಅಂಚೆಚೀಲವನ್ನು ಮಾತ್ರ ಹಗ್ಗ ಕಟ್ಟಿ ಬಂಡೆಯ ಮೇಲಕ್ಕೆ ಎಳೆದುಕೊಳ್ಳುವುದು, ಮನುಷ್ಯರಾದವರು ಆ ಮೆಟ್ಟಿಲುಗಳನ್ನೆಲ್ಲ ಏದುಸಿರು ಬಿಡುತ್ತ ಹತ್ತಿ ಬರುವುದು! ಕಾಗದಕ್ಕೆ ಇರುವ ಮರ್ಯಾದೆ ಮನುಷ್ಯನಿಗಿಲ್ಲ. ಇನ್ನು ನಿಮ್ಮ ಕೇಂದ್ರದ ಕಬ್ಬಿಣದ ಬಾಗಿಲು ಎಂಥ ಬಿರುಗಾಳಿಯಲ್ಲೂ ಸದ್ದಿಲ್ಲದೆ ತೆರೆದು ಮುಚ್ಚುತ್ತದೆ ಎಂದು ಬರೆದಿದ್ದೆಯಲ್ಲ, 'ಮಾಮಾ, ಇಲ್ಲಿ ಬಾಗಿಲಿಗೂ ಬಾಯಿಲ್ಲ' ಅಂತ, ಆ ಸಾಲು ಓದಿದಾಗ ಮಾತ್ರ ನನ್ನ ಮೀಸೆಯೂ ಒದ್ದೆಯಾಯಿತು. ಇರಲಿ. ಅಲ್ಲಿಯ ಇಂಟರ್ನೆಟ್ಟು ಮಳೆ ಗಾಳಿಯ ಅಂಕಿಗಳನ್ನು ಬಿಟ್ಟು ಇನ್ನೇನನ್ನೂ ಹೊರುವುದಿಲ್ಲವಾದ್ದರಿಂದ, ಜಗತ್ತಿನ ಚಿತ್ರವಿಚಿತ್ರಗಳನ್ನು ಬರೆದು ತಿಳಿಸುವ ಭಾರವನ್ನು ಈ ಮಾಮನ ಹೆಗಲಿಗೆ ಹಾಕಿ ಹೋಗಿದ್ದೀಯೆ. ಮೂವತ್ತು ವರ್ಷ ಸಿಂಹಾಸನದ ಮೇಲೆ ಕೂತು ಈಗ ಅದೇ ಸಿಂಹಾಸನದ ಧೂಳು ಒರೆಸುತ್ತಿರುವವನಿಗೆ ಇದಕ್ಕಿಂತ ದೊಡ್ಡ ಪದವಿ ಬೇಕೆ? ಕೇಳುವಂಥವಳಾಗು!

ಒಬ್ಬ ಮಹಾನುಭಾವ ಊರೂರು ತಿರುಗಿ ಮೆಟ್ಟಿಲುಗಳ ಪಕ್ಕದ ಕಂಬಿಗಳನ್ನು ಸವರಿ ಸವರಿ ಅಂಕ ಕೊಡುತ್ತಾನೆ. ಒಂದು ಕಂಬಿಗೆ ಅವನು ಬರೆದ ತೀರ್ಪು: 'ಹಿಡಿತ ಚೆನ್ನ, ಆದರೆ ತಿರುವಿನಲ್ಲಿ ದ್ರೋಹ.' ನಾನು ಎಷ್ಟೋ ಖಳನಾಯಕರ ಪಾತ್ರ ಮಾಡಿದ್ದೇನೆ, ಯಾವನಿಗೂ ಇಂಥ ಮಾತು ಸಿಕ್ಕಿರಲಿಲ್ಲ. ಇನ್ನೊಬ್ಬಾಕೆ ರಸ್ತೆಯಲ್ಲಿ ಬಿದ್ದ ಒಂಟಿ ಕೈಗವಸುಗಳ ಚಿತ್ರ ತೆಗೆದು ಒಂದೊಂದಕ್ಕೂ ವಧೂವರರ ಜಾಹೀರಾತು ಬರೆಯುತ್ತಾಳೆ: 'ಎಡಗೈ, ಕಂದು ಬಣ್ಣ, ಶಾಂತ ಸ್ವಭಾವ, ಹೆಬ್ಬೆರಳಿಗೆ ಸಣ್ಣ ತೂತಿದೆ, ಬಲಗೈ ಬೇಕಾಗಿದೆ.' ಮತ್ತೊಂದು ಪುಟದಲ್ಲಿ ಒಂದೇ ಒಂದು ಗುಂಡಿ. ಒತ್ತಿದರೆ 'ಒತ್ತಿದ್ದಕ್ಕೆ ಧನ್ಯವಾದ' ಎನ್ನುತ್ತದೆ, ಅಷ್ಟೆ. ಮಧ್ಯಾಹ್ನ ಪೂರ್ತಿ ಒತ್ತಿದೆ ಮಗಳೇ. ನಮ್ಮ ನಿರ್ದೇಶಕರು ಜನ್ಮದಲ್ಲಿ ಹೇಳದಷ್ಟು ಧನ್ಯವಾದ ಕೂತ ಕಡೆಯೇ ಪಡೆದು ಎದ್ದೆ.

ಇವರೆಲ್ಲರ ಮೇಲೆ ರಾಜ್ಯಭಾರ ಮಾಡುತ್ತಿದ್ದದ್ದು ಯಾರು ಗೊತ್ತೆ? ಒಂದು ಆಲೂಗಡ್ಡೆ! ನಿವೃತ್ತ ಮೇಷ್ಟರೊಬ್ಬರು ಅಡುಗೆಮನೆಯ ಕಿಟಕಿಯಲ್ಲಿ ಒಂದು ಆಲೂಗಡ್ಡೆ ಇಟ್ಟು, ಎದುರಿಗೆ ಕ್ಯಾಮೆರಾ ಹೂಡಿ, ಮೊಳಕೆಗಾಗಿ ಕಾಯುತ್ತಿದ್ದಾರೆ. ಅವರ ಜೊತೆ ಲೋಕವೇ ಕಾಯುತ್ತಿದೆ. ಕಚೇರಿಯಲ್ಲಿ ಕೂತವರು ಕೆಲಸ ಬಿಟ್ಟು 'ಬಂತಾ?' 'ಇನ್ನೂ ಇಲ್ಲ' ಎಂದು ಮಾತಾಡಿಕೊಳ್ಳುತ್ತಾರೆ. ವಿಚಿತ್ರ ಪುಟಗಳನ್ನು ಒಂದೆಡೆ ಸೇರಿಸುವ ಆ ಜಾಗ ನಿನಗೆ ಗೊತ್ತಲ್ಲ, ನೀನು ನಮ್ಮ ಬಾಗಿಲಿನ ಹೆಸರು ಸೇರಿಸಿ ಹೋದದ್ದು? ಅಲ್ಲಿ ಈ ವರ್ಷದ ಮಹಾವಿಚಿತ್ರ ಯಾವುದು ಎಂಬ ಆಖೈರು ಸುತ್ತಿಗೆ ಉಳಿದವರು ಇಬ್ಬರು. ಒಂದು ಕಡೆ ಆಲೂಗಡ್ಡೆ. ಇನ್ನೊಂದು ಕಡೆ, ಎದ್ದು ನಿಂತು ಓದು, ನಮ್ಮ ಸಾಮಾನು ಕೋಣೆಯ ಹಾಡುವ ಬಾಗಿಲು!

ನೀನು ಹೊರಡುವ ದಿನ ಇದೇ ಹೊಸ್ತಿಲ ಮೇಲೆ ಹೇಳಿದ ಮಾತು ನಾನು ಮರೆತಿಲ್ಲ. 'ಅಪ್ಪಂದು ಅಂತ ಮಾತಾಡೋದು ಇನ್ನು ಈ ಬಾಗಿಲೊಂದೇ ಮಾಮಾ. ಗೆಲ್ಲೋದು ಬಿಡೋದು ಹಾಗಿರ್ಲಿ, ಅಮ್ಮ ಒಂದ್ಸಲ ಇದನ್ನ ಕೇಳೋ ಹಾಗೆ ಮಾಡು.' ಭಾವ, ನಿಮ್ಮಪ್ಪ, ನಮ್ಮ ನಾಟಕ ಕಂಪನಿಯ ಸದ್ದುಗಳ ಒಡೆಯರು. ತಗಡು ಬಡಿದು ಗುಡುಗು ಮಾಡಿದರು, ಜಲ್ಲಿ ಉರುಳಿಸಿ ಮಳೆ ಸುರಿಸಿದರು, ಆದರೆ ಪಾಳುಮನೆಯ ದೃಶ್ಯ ಬಂದಾಗ ಸೀದಾ ಈ ಬಾಗಿಲಿಗೇ ಬಂದು ಕೈ ಇಡುತ್ತಿದ್ದರು. ಎಣ್ಣೆಯ ಹನಿ ಸೋಕಿಸದೆ ಅದರ ಗಂಟಲು ಕಾಪಾಡಿದ ಮನುಷ್ಯ! ಅವರು ಹೋದ ಮೇಲೆ ನಿಮ್ಮಮ್ಮ ಈ ಕೋಣೆಗೆ ಕಾಲಿಡಲಿಲ್ಲ. ಹೊಲಿಗೆ ಯಂತ್ರವನ್ನು ಅಂಗಳದ ಆಚೆ ಕೋಣೆಗೆ ಸಾಗಿಸಿ, ನಟರ ಅಂಗಿ ಜುಬ್ಬಗಳನ್ನೆಲ್ಲ ಅಲ್ಲೇ ಹೊಲಿದಳು. ನೀನು ಕ್ಯಾಮೆರಾ ಇಟ್ಟು ಪುಟ ಮಾಡಿದಾಗಲಂತೂ 'ಅವರ ಬಾಗ್ಲನ್ನ ಊರೋರಿಗೆಲ್ಲ ಆಟದ ಸಾಮಾನು ಮಾಡ್ಬಿಟ್ಲು' ಎಂದು ಬಾಯಿಗೆ ಬೀಗ ಹಾಕಿದವಳು, ನಿನ್ನ ಪತ್ರಗಳನ್ನು ಒಡೆಯದೆ ಹೊಲಿಗೆ ಯಂತ್ರದ ಪೆಟ್ಟಿಗೆಯ ಮೇಲೆ ಒಂದರ ಮೇಲೊಂದು ಇಡುತ್ತ ಬಂದಳು. ನಾನು ಬೇಡಿದೆ, ಬೈದೆ, ಒಮ್ಮೆ ಮೊಣಕಾಲೂರಿ ಅಭಿನಯಿಸಿಯೂ ತೋರಿಸಿದೆ. 'ಏಳೋ, ಪಂಚೆ ಕೊಳೆಯಾಗುತ್ತೆ' ಎಂದಳು.

ಹೀಗಿರುವಾಗ ಆಖೈರು ಸುತ್ತು ಬಂತು. ನಿನ್ನೆ ಮಧ್ಯಾಹ್ನ ಒಂದು ಗಂಟೆಯ ಕಾಲ ಪರದೆಯ ಎಡಗಡೆ ಆಲೂಗಡ್ಡೆ, ಬಲಗಡೆ ಬಾಗಿಲು. ನೋಡುಗರೇ ತೀರ್ಪುಗಾರರು. ನಾನೇನು ಸುಮ್ಮನಿರುವ ಆಸಾಮಿಯೆ? ಹಿಂದಿನ ದಿನವೇ ಇಡೀ ಕಂಪನಿಗೆ ಡಂಗುರ ಸಾರಿದ್ದೆ: 'ನಾಳೆ ನಮ್ಮ ಬಾಗಿಲಿನ ಮೊದಲ ಪ್ರದರ್ಶನ!' ಅಲ್ಲೇ ಕೆಟ್ಟದ್ದು. ಮೊದಲ ಪ್ರದರ್ಶನದ ಬೆಳಿಗ್ಗೆ ನಮ್ಮಲ್ಲಿ ಏನು ಮಾಡುತ್ತಾರೆ ಹೇಳು? ರಾಟೆ, ಪರದೆಯ ಸರಳು, ಅಲುಗುವ ಪ್ರತಿಯೊಂದಕ್ಕೂ ಎಣ್ಣೆ. ಈಗ ಆ ಕೆಲಸ ಬೆಳಕಿನವನದು, ಭಾವನ ಕಾಲ ಮುಗಿದ ಮೇಲೆ ಕಂಪನಿಗೆ ಸೇರಿದವನು. ಮಧ್ಯಾಹ್ನ ನಾನು ಮೀಸೆಗೆ ಹುರಿಕೊಟ್ಟು ಬಂದು, ಪ್ರಾರಂಭದ ಗಂಟೆ ಬಡಿಯುತ್ತಲೇ ಬಾಗಿಲು ನೂಕಿದೆ. ಸದ್ದಿಲ್ಲ! ಎಳೆದೆ. ಸದ್ದಿಲ್ಲ! ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ತೆರೆದುಕೊಂಡಿತು. ತಿರುಗಿ ನೋಡಿದರೆ ಬೆಳಕಿನವನು ಎಣ್ಣೆ ಡಬ್ಬಿ ಹಿಡಿದು, ಹೆತ್ತ ತಾಯಿಯಂತೆ ಹೆಮ್ಮೆಯಿಂದ ನಗುತ್ತ ನಿಂತಿದ್ದಾನೆ. 'ನಾಯಕನಟನಿಗೆ ಎಣ್ಣೆ ಹಾಕ್ದೆ ಇರ್ತೀನಾ ಮಹಾರಾಜ್ರೇ? ಎರಡು ಸಲ ಹಾಕಿದೀನಿ.' ಅವನ ಮೇಲೆ ಸಿಟ್ಟಾಗುವುದು ಹೇಗೆ? ಡಂಗುರ ಹೊಡೆದವನು ನಾನೇ ಅಲ್ಲವೆ?

ಲೋಕ ನೋಡುತ್ತಿದೆ. ಬಾಗಿಲು ಮೂಗಾಗಿದೆ. ಇಂಥ ಹೊತ್ತಿನಲ್ಲಿ ನಟನಾದವನು ಏನು ಮಾಡಬೇಕು? ಮಾಡಿದೆ. ಬಾಗಿಲ ಹಿಂದೆ ಅಡಗಿ ಕೂತು, ಅದನ್ನು ಮೆಲ್ಲಗೆ ತಳ್ಳುತ್ತ, ಹೊಕ್ಕುಳಿಂದ ಉಸಿರೆತ್ತಿ 'ಕಿ…ರ್ರ್ರ್…' ಎಂದು ನಾನೇ ಕಿರುಗುಟ್ಟಿದೆ! ಮೊದಲ ಸಲ ಪರವಾಗಿಲ್ಲ. ಎರಡನೆಯ ಸಲ ನಡುವೆ ಕೆಮ್ಮು ಬಂತು. ಮಡಿಲಲ್ಲಿದ್ದ ಫೋನು ನೋಡಿದರೆ ಜನ ಬರೆಯತೊಡಗಿದ್ದರು: 'ಬಾಗಿಲಿಗೆ ನೆಗಡಿಯೆ?' 'ಇವತ್ತು ಬಾಗಿಲು ಗಂಡಸಿನ ಹಾಗೆ ಹಾಡುತ್ತಿದೆ.' ಒಬ್ಬ ಪುಣ್ಯಾತ್ಮನಂತೂ 'ಈ ಬಾಗಿಲಿಗೆ ಮೀಸೆ ಇದೆಯಲ್ಲ!' ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಮೀಸೆ ಮುಟ್ಟಿ ನೋಡಿಕೊಂಡೆ. ನಿಜ, ಅದರ ಒಂದು ತುದಿ ಬಾಗಿಲ ಅಂಚಿನಿಂದ ಆಚೆ ಹೋಗಿ ಲೋಕದೆದುರು ನಿಂತಿತ್ತು. ಅದೇ ಕ್ಷಣಕ್ಕೆ, ಎಲವೋ ಆಲೂಗಡ್ಡೆಯೇ, ನಿನಗೆ ಬೇರೆ ಮುಹೂರ್ತ ಸಿಗಲಿಲ್ಲವೆ? ಎಡಗಡೆಯಲ್ಲಿ ಮೊಳಕೆ ಕಾಣಿಸಿಕೊಂಡಿತು! ಅಕ್ಕಿಕಾಳಿನಷ್ಟು, ಬೆಳ್ಳಗೆ. ಮತಗಳೆಲ್ಲ ಹೊಳೆಯ ಹಾಗೆ ಆ ಕಡೆಗೆ ಹರಿದವು. ನಾನು ಗಂಟಲು ಹರಿದುಕೊಂಡು ಕಿರುಗುಟ್ಟುತ್ತಲೇ ಇದ್ದೆ. ಸೋತರೂ ಕೂಗುತ್ತಲೇ ಸೋಲಬೇಕು ಎಂದು.

ಆಗ ಅಂಗಳದ ಆಚೆಯಿಂದ ಚಪ್ಪಲಿಯ ಸದ್ದು. ಪಟ ಪಟ ಪಟ. ಕೊರಳಿಗೆ ಅಳತೆಪಟ್ಟಿ, ಬಾಯಲ್ಲಿ ಗುಂಡುಸೂಜಿ, ಕಣ್ಣಲ್ಲಿ ಕಿಡಿ. ನಿಮ್ಮಮ್ಮ! 'ಏನೋ ಅದು, ಕಪ್ಪೆ ಕೊರಳು ಹಿಸುಕ್ದಂಗೆ? ಅವರ ಬಾಗ್ಲು ಯಾವತ್ತಾದ್ರೂ ಹಾಗೆ ಕೂಗಿತ್ತೇನೋ?' ಎನ್ನುತ್ತ ಹೊಸ್ತಿಲು ದಾಟಿಯೇಬಿಟ್ಟಳು. ದಾಟಿದ ಮೇಲೆ ತಾನೆಲ್ಲಿ ನಿಂತಿದ್ದೇನೆ ಎಂದು ಅವಳಿಗೆ ಹೊಳೆಯಿತು. ತಗಡು, ಜಲ್ಲಿಯ ಪೆಟ್ಟಿಗೆ, ಮೊಳೆಗೆ ನೇತುಹಾಕಿದ ಭಾವನ ಶಾಲು. ಹಿಂದಿರುಗಿ ಹೋಗುತ್ತಾಳೆ ಎಂದುಕೊಂಡೆ. ಅವಳು ಗುಂಡುಸೂಜಿಗಳನ್ನು ಸೆರಗಿಗೆ ಚುಚ್ಚಿಕೊಂಡು, ಕೀಲಿಗೆ ಬೆರಳು ತಾಕಿಸಿ ಮೂಸಿ ನೋಡಿದಳು. 'ಎಣ್ಣೆ. ಯಾವ ಪಾಪಿ ಹಾಕಿದ್ದು?' ಬೆಳಕಿನವನು ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. 'ನಿಂತ್ಕೊಂಡು ಏನ್ ನೋಡ್ತೀಯೋ ತಮ್ಮಾ, ಹಿಡಿ ಬಾಗ್ಲನ್ನ.'

ಹಿಡಿದೆ. ಅವಳು ಕುರ್ಚಿ ಹತ್ತಿ ತೊಲೆಯ ಮೇಲೆ ಕೈಯಾಡಿಸಿದಳು, ನೋಡದೆಯೇ, ಒಗ್ಗರಣೆಯ ಡಬ್ಬಕ್ಕೆ ಕೈ ಹಾಕಿದಷ್ಟು ಸಲೀಸಾಗಿ. ಪಿಟೀಲಿನ ಕಮಾನಿಗೆ ಹಚ್ಚುತ್ತಾರಲ್ಲ ಆ ರಾಳ, ಅದರ ಒಂದು ಉಂಡೆ ಕೈಗೆ ಬಂತು. ಕೀಲಿನ ಸರಳು ಕಿತ್ತಳು, ಸೀಮೆಎಣ್ಣೆಯಲ್ಲಿ ಉಜ್ಜಿ ಒರೆಸಿದಳು, ಪುಡಿಮಾಡಿದ ರಾಳ ಸವರಿದಳು. 'ಮೇಲಿನ ಕೀಲಿಗೆ ಜಾಸ್ತಿ, ಕೆಳಗಿಂದಕ್ಕೆ ಒಂದು ಚಿಟಿಕೆ ಸಾಕು. ಇಲ್ದಿದ್ರೆ ಅಳುತ್ತೆ ಅಂತಿದ್ರು.' ಮಗಳೇ, ಇದೆಲ್ಲ ಕ್ಯಾಮೆರಾದ ಎದುರಿಗೇ ನಡೆಯುತ್ತಿದೆ ಎನ್ನುವುದು ಅವಳಿಗೆ ಗೊತ್ತೇ ಇಲ್ಲ! ಬರೆಯುತ್ತಿದ್ದ ಜನ ಬರೆಯುವುದನ್ನು ನಿಲ್ಲಿಸಿದರು. ಆಲೂಗಡ್ಡೆಯ ಮೊಳಕೆ ಅದರ ಪಾಡಿಗೆ ಅನಾಥವಾಯಿತು. ಸರಳು ಕೂಡಿಸಿ, ಕೈ ಒರೆಸಿಕೊಂಡು, ಅವಳು ಬಾಗಿಲಿನ ಮೇಲೆ ಅಂಗೈ ಇಟ್ಟಳು. ಎಲ್ಲಿ ಇಟ್ಟಳು ಗೊತ್ತೆ? ಭಾವ ಇಡುತ್ತಿದ್ದಲ್ಲೇ, ಮರ ಸವೆದು ನುಣುಪಾಗಿದೆಯಲ್ಲ, ಅಲ್ಲಿ.

ಹಾಡಿತು! ತಳದಿಂದ ಎದ್ದು, ಅರ್ಧ ದಾರಿಯಲ್ಲಿ 'ಯಾರದು?' ಎಂದು ಕೇಳಿದ ಹಾಗೆ ಒಂದು ಕ್ಷಣ ತಡೆದು, ಆಮೇಲೆ ಗುರುತು ಸಿಕ್ಕವರಂತೆ ಮೇಲಕ್ಕೇರಿ, ಕೊನೆಗೆ ಸಣ್ಣದಾಗಿ ನಕ್ಕಿತು. ನಿಮ್ಮಮ್ಮ ಅತ್ತಳು ಎಂದುಕೊಂಡೆಯಾ? ಇಲ್ಲ! ನಕ್ಕಳು, ಅದೂ ಜೋರಾಗಿ. 'ಈ ಕೊನೇ ನಗು ಬರ್ಬೇಕು ಅಂತ ಒಂದಿಡೀ ಮಳೆಗಾಲ ಒದ್ದಾಡಿದ್ರು ಕಣೋ. ಊಟಕ್ಕೆ ಕರೆದ್ರೆ ಬಾಗ್ಲ ಹತ್ರ ಹೋಗಿ ನಿಂತ್ಕೊಳೋರು' ಎಂದಳು. ಮತ್ತೆ ತೆರೆದಳು, ಮತ್ತೆ ಮುಚ್ಚಿದಳು, ಗಂಟೆ ಮುಗಿಯುವವರೆಗೂ. ಎದ್ದು ಹೋಗಿದ್ದ ಮತಗಳೆಲ್ಲ ದಡಬಡನೆ ಓಡಿ ಬಂದವು. ಗೆದ್ದೆವು ಚಿನಕುರುಳಿ, ಗೆದ್ದೆವು! ಆಲೂಗಡ್ಡೆಯ ಮೇಷ್ಟರು ತಾವೇ ಬರೆದರು: 'ನನ್ನ ಆಲೂಗಡ್ಡೆ ನಿಮ್ಮ ಬಾಗಿಲಿಗೆ ತಲೆಬಾಗುತ್ತದೆ. ನನ್ನ ಮತವೂ ಅಮ್ಮನವರಿಗೇ.' ಎಂಥ ದೊಡ್ಡ ಮನುಷ್ಯ ನೋಡು, ನಾನು ಸುಮ್ಮನೆ ಅವರ ಆಲೂಗಡ್ಡೆಯನ್ನು ಬೈದೆ. ಬಹುಮಾನ ಏನು ಎಂದು ಕೇಳಬೇಡ. ಪುಟದ ಮೂಲೆಯಲ್ಲಿ ಚಿನ್ನದ ಬಣ್ಣದ ಒಂದು ಕಿರೀಟದ ಚಿತ್ರ. ನಾನು ತೊಟ್ಟ ರಟ್ಟಿನ ಕಿರೀಟಗಳಿಗಿಂತ ಇದೇ ಗಟ್ಟಿ ಎನ್ನಿಸಿತು.

ಎಲ್ಲ ಮುಗಿದ ಮೇಲೆ ಬೆಳಕಿನವನು ಕ್ಯಾಮೆರಾ ತೋರಿಸಿ, ಲೋಕವೆಲ್ಲ ನೋಡಿತು ಎಂದು ಅವಳಿಗೆ ಹೇಳಿದ. ಸಿಡಿಯುತ್ತಾಳೆ ಎಂದು ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಸೆರಗು ಸರಿಮಾಡಿಕೊಂಡು ಕ್ಯಾಮೆರಾದ ಹತ್ತಿರ ಮುಖ ತಂದು, ಬಾವಿಯೊಳಗೆ ಕೂಗುವವರಂತೆ 'ಕೇಳಿಸ್ತೇನೇ?' ಎಂದಳು. ನಿನ್ನನ್ನು, ಮಗಳೇ. ಆಮೇಲೆ ನನ್ನ ಕಡೆ ತಿರುಗಿ, 'ಅವಳಿಗೆ ಕೇಳಿಸ್ತು ತಾನೆ?' ಎಂದಳು. ಮೂವತ್ತು ವರ್ಷ ಬಣ್ಣ ಹಚ್ಚಿದವನಿಗೆ ಒಂದು ಸುಳ್ಳು ಬರಲಿಲ್ಲ. ಅಲ್ಲಿಗೆ ಇದೇನೂ ತಲುಪುವುದಿಲ್ಲ ಎಂದೆ. ಅವಳು ಅಳತೆಪಟ್ಟಿ ಸುತ್ತಿಕೊಳ್ಳುತ್ತ ತನ್ನ ಕೋಣೆಗೆ ಹೋದಳು. ಸಂಜೆ ನೋಡಿದರೆ ಬಟ್ಟೆ ಕತ್ತರಿಯಿಂದ ನಿನ್ನ ಪತ್ರಗಳನ್ನು ಒಂದೊಂದಾಗಿ, ಅಂಚು ಓರೆಯಾಗದಂತೆ, ಕತ್ತರಿಸಿ ಓದುತ್ತ ಕೂತಿದ್ದಳು.

ಇಲ್ಲಿಗೆ ತೆರೆ ಬೀಳಿಸುತ್ತೇನೆ. ಬೆಳಕಿನವನು ಇದನ್ನು ಅಂಚೆಪೆಟ್ಟಿಗೆಗೆ ಹಾಕಿ ಬರಲು ಬಾಗಿಲಲ್ಲೇ ನಿಂತು ಅದನ್ನು ಕಿರುಗುಟ್ಟಿಸುತ್ತಿದ್ದಾನೆ. ಕಿವಿ ಜೋಪಾನ, ನೂರು ವರ್ಷ ಸುಖವಾಗಿ ಬಾಳು.

ನಿನ್ನ ಪ್ರೀತಿಯ,
ಗಂಟಲು ಬಿದ್ದ ಮಾಮ

ತಾ. ಕ.: ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ! ಹೇಳಬಾರದು ಎಂದು ನಿಮ್ಮಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ, ಬರೆಯಬಾರದು ಎಂದಿಲ್ಲ. ಈ ಚೀಲ ಬಂದ ದೋಣಿಯಲ್ಲೇ ಅವಳಿದ್ದಾಳೆ. ರಾಳದ ಉಂಡೆಯನ್ನು ಭಾವನ ಶಾಲಿನಲ್ಲಿ ಸುತ್ತಿಕೊಂಡು ಹೊರಟಿದ್ದಾಳೆ. 'ಕಬ್ಬಿಣದ್ದಾದ್ರೇನು, ಕೀಲು ಅಂತ ಇದ್ಮೇಲೆ ಮಾತಾಡ್ಲೇಬೇಕು' ಎನ್ನುತ್ತಾಳೆ. ನೀನು ಇದನ್ನು ಓದುವ ಹೊತ್ತಿಗೆ ಆ ಮೊಣಕಾಲು ನೋವು ಹೊತ್ತು ಅರ್ಧ ಮೆಟ್ಟಿಲು ಹತ್ತಿರುತ್ತಾಳೆ. ಕಾಗದ ಬಿಸಾಡಿ ಓಡು!